ಕೀ ತಿರುಗಿಸಿ ತೆಗೆಯುವ ಕಾರ್ನ್ಡ್ ಬೀಫ್ ಟಿನ್: 14 ವರ್ಷ ತಿಂದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳುವುದಾದರೆ ಚೌಕದ ಟಿನ್ ತಗೊಳ್ಳಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಸ್ವಲ್ಪ ಕಿರಿದು, ಮೈಗೆ ಪುಟ್ಟ ಕೀ ಅಂಟಿಸಿರುತ್ತಾರಲ್ಲ, ಅದು. ದುಂಡಗಿನದು ಬೇಡ. ಒಳಗಿರುವುದು ಅದೇ ಮಾಂಸ, ಅದೇ ಉಪ್ಪು ಅಂತ ಅಂಗಡಿಯವನು ಹೇಳಿದ. ನಾನೂ ನಂಬಿ ಒಂದೇ ಸಲಕ್ಕೆ ಆರು ಟಿನ್ ತಂದೆ. ಆ ಆರನ್ನು ಮುಗಿಸುವಷ್ಟರಲ್ಲಿ ಸಾಕಾಗಿಹೋಯಿತು.

ನಾನು ಕೆಜಿಎಫ್‌ನವನು. ಶಾರ್ಜಾದಲ್ಲಿ 14 ವರ್ಷ ಎಸಿ ರಿಪೇರಿ ಕೆಲಸ ಮಾಡಿ ಈಗ ರಾಬರ್ಟ್‌ಸನ್‌ಪೇಟೆಗೆ ವಾಪಸ್ ಬಂದಿದ್ದೇನೆ. ಅಲ್ಲಿ ಬಿಪಿ ಬರುವ ತನಕ ತಿಂಗಳಿಗೆ ಎರಡು ಟಿನ್ ತಪ್ಪಿಸಿದವನಲ್ಲ. ರೂಮಿನ ಹುಡುಗರು ಮೊದಲ ಸಲ ಕಾರ್ನ್ಡ್ ಬೀಫ್ ಅನ್ನುವ ಹೆಸರು ಕೇಳಿ, "ಅಣ್ಣ, ಇದರಲ್ಲಿ ಜೋಳ ಎಲ್ಲಿದೆ?" ಅಂತ ಹುಡುಕಿದ್ದರು. ಜೋಳ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಕಾರ್ನ್ ಅಂದರೆ ಕಾಳು. ಇಲ್ಲಿ ಉಪ್ಪಿನ ಕಾಳು. ದಪ್ಪ ಹರಳುಪ್ಪು ಹಾಕಿ ಹದ ಮಾಡಿದ ಮಾಂಸ, ಅಷ್ಟೇ.

ನನಗೆ ಈ ರುಚಿ ಹತ್ತಿಸಿದ್ದು ಪಕ್ಕದ ಮನೆ ಆಂಟಿ. 1983ರ ಕ್ರಿಸ್‌ಮಸ್. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಫಿಟ್ಟರ್. ಆಂಟಿಯವರು ಆಂಗ್ಲೋ ಇಂಡಿಯನ್. ಆಗ ಕೆಜಿಎಫ್‌ನಲ್ಲಿ ಅವರ ಮನೆಗಳು ಬಹಳ ಇದ್ದವು. ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದಿದ್ದ ಅವರ ತಮ್ಮ ಎರಡು ಟಿನ್ ತಂದಿದ್ದರು. ಆಂಟಿ ಅದನ್ನು "ಬುಲ್ಲಿ" ಅನ್ನುತ್ತಿದ್ದರು. ಅವರ ಅಪ್ಪ ಮಿಲಿಟರಿಯಲ್ಲಿದ್ದವರು, ಅಲ್ಲಿಂದ ಬಂದ ಮಾತು. ಬ್ರಿಟಿಷ್ ಸಿಪಾಯಿಗಳ ರೇಷನ್‌ನಲ್ಲಿ ಇದೇ ಟಿನ್ ಇರುತ್ತಿತ್ತು, ಅವರ ಬಾಯಲ್ಲಿ ಅದು ಬುಲ್ಲಿ ಬೀಫ್. ಬೇಯಿಸಿದ ಮಾಂಸಕ್ಕೆ ಫ್ರೆಂಚರು ಹೇಳುವ ಬುಯಿ ಅನ್ನುವ ಮಾತೇ ಹೀಗಾಯಿತು ಅಂತ ನಾನು ಆಮೇಲೆ ಓದಿ ತಿಳಿದೆ.

ಆಂಟಿ ಟಿನ್ ತೆಗೆಯುವಾಗ ನಾವು ಮಕ್ಕಳು ಸುತ್ತ ನಿಲ್ಲುತ್ತಿದ್ದೆವು. ಟಿನ್ನಿನ ಪಕ್ಕದಲ್ಲಿ ಉಗುರಿನಷ್ಟು ತಗಡಿನ ನಾಲಿಗೆ ಹೊರಗೆ ಚಾಚಿರುತ್ತದೆ. ಕೀ ತುದಿಯ ಸೀಳಿಗೆ ಅದನ್ನು ತೂರಿಸಿ ನಿಧಾನಕ್ಕೆ ತಿರುಗಿಸಬೇಕು. ಕಿರ್ರ್ ಅಂತ ತಗಡಿನ ಪಟ್ಟಿ ಬಿಚ್ಚಿಕೊಂಡು ಕೀಗೆ ಸುತ್ತಿಕೊಳ್ಳುತ್ತಾ ಬರುತ್ತದೆ. ಅವಸರ ಮಾಡಿದರೆ ಪಟ್ಟಿ ಓರೆಯಾಗಿ ಅರ್ಧಕ್ಕೇ ತುಂಡಾಗುತ್ತದೆ. ಆಮೇಲೆ ಇಕ್ಕಳ ಹುಡುಕಬೇಕು. ಸರಿಯಾಗಿ ಸುತ್ತಿದರೆ ಕೊನೆಗೆ ಕೀ ಮೇಲೆ ಗಡಿಯಾರದ ಸ್ಪ್ರಿಂಗಿನಂತೆ ಒಂದು ಸುರುಳಿ ಉಳಿಯುತ್ತದೆ. ಅದರ ಅಂಚು ಬ್ಲೇಡಿನಷ್ಟೇ ಚೂಪು, ಮಕ್ಕಳ ಕೈಗೆ ಕೊಡಬೇಡಿ. ನನ್ನ ಹೆಬ್ಬೆರಳಿನಲ್ಲಿ ಗಾಯದ ಗುರುತು ಇನ್ನೂ ಇದೆ.

ಆಮೇಲಿನದು ಇನ್ನೂ ಚೆಂದ. ಕಿರಿದಾದ ತುದಿಗೆ ಆಂಟಿ ಮೊಳೆಯಿಂದ ಒಂದು ತೂತು ಹೊಡೆಯುತ್ತಿದ್ದರು. "ಗಾಳಿ ಒಳಗೆ ಹೋಗಲಿ ಕಂದ, ಆಗ ತಾನೇ ಬರುತ್ತೆ" ಅನ್ನುವರು. ಟಿನ್ ಬೋರಲು ಹಾಕಿ ಒಂದು ಸಲ ಕುಲುಕಿದರೆ ಥಪ್ ಅಂತ ಇಡೀ ಗಟ್ಟಿ ತಟ್ಟೆಗೆ ಬೀಳುತ್ತಿತ್ತು. ಗುಲಾಬಿ ಬಣ್ಣ, ಮೂಲೆಗಳಲ್ಲಿ ಬಿಳಿ ಕೊಬ್ಬು, ಮೈಮೇಲೆ ಟಿನ್ನಿನ ಗೆರೆಗಳ ಅಚ್ಚು. ತೆಳ್ಳಗೆ ಕೊಯ್ದು, ಬಿಸಿ ಅನ್ನ ಪೆಪ್ಪರ್ ವಾಟರ್ ಜೊತೆ ನಮ್ಮ ಮನೆಗೂ ಒಂದು ತಟ್ಟೆ ಕಳಿಸುತ್ತಿದ್ದರು. ಪೆಪ್ಪರ್ ವಾಟರ್ ಅಂದರೆ ನಮ್ಮ ಮೆಣಸಿನ ಸಾರೇ, ಸ್ವಲ್ಪ ನೀರು ಜಾಸ್ತಿ. ಶಿಫ್ಟ್ ಮುಗಿಸಿ ಬಂದ ಅಪ್ಪ ಕೈಕಾಲು ತೊಳೆದು ಕೂತು, ಒಂದೊಂದೇ ಚೂರನ್ನು ನಾಲಿಗೆ ಮೇಲಿಟ್ಟು ಕರಗಿಸಿಕೊಂಡು ತಿನ್ನುವುದನ್ನು ನೋಡಿದ್ದೇನೆ. ಗಣಿಯೊಳಗೆ ಬೆವರು ಸುರಿಸಿ ಬಂದವರಿಗೆ ಉಪ್ಪು ಹಿಡಿಸುತ್ತದೆ ಅಂತ ಅಮ್ಮ ಹೇಳುತ್ತಿದ್ದರು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಂಟಿ ಅದಕ್ಕೂ ಮೊದಲೇ ತಮ್ಮನ ಹತ್ತಿರ ಹೊರಟುಹೋಗಿದ್ದರು. ನಾನು ಶಾರ್ಜಾಗೆ ಹೋದ ಮೊದಲ ವಾರ ಸೂಪರ್ ಮಾರ್ಕೆಟ್‌ನಲ್ಲಿ ಆ ಚೌಕದ ಟಿನ್ ಕಂಡಾಗ ಅಲ್ಲೇ ನಿಂತುಬಿಟ್ಟೆ. ಬ್ರೆಜಿಲ್ ಮಾಲು, 340 ಗ್ರಾಂ, ಹತ್ತು ದಿರ್ಹಮ್ ಚಿಲ್ಲರೆ. ಆಗಿನ ಸಂಬಳಕ್ಕೆ ಅದು ಜಾಸ್ತಿಯೇ. ಆದರೂ ತಗೊಂಡೆ.

ನನ್ನ ಕ್ರಮ ಇದು. ಗುರುವಾರ ರಾತ್ರಿ ಟಿನ್ ಫ್ರಿಜ್‌ಗೆ ಹೋಗಬೇಕು. ತಣ್ಣಗಾದರೆ ಕೊಬ್ಬು ಗಟ್ಟಿಯಾಗುತ್ತದೆ, ಚೂರು ಒಡೆಯದೆ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಕೀ, ತೂತು, ಥಪ್. ಅರ್ಧ ಹಾಗೇ ತಣ್ಣಗೆ, ಬ್ರೆಡ್ಡಿಗೆ. ಇನ್ನರ್ಧಕ್ಕೆ ಎರಡು ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಬೇಯಿಸಿದ ಆಲೂಗಡ್ಡೆ. ಎಣ್ಣೆ ಬೇಡ, ಅದರ ಕೊಬ್ಬೇ ಸಾಕು. ಉಪ್ಪಂತೂ ಮುಟ್ಟಲೇಬೇಡಿ. ಸಣ್ಣ ಉರಿಯಲ್ಲಿ ಬಾಣಲೆ ತಳ ಹತ್ತಿ ಕೆಂಪಗಾಗುವ ತನಕ ಕೈಯಾಡಿಸಬಾರದು. ಆ ತಳ ಹತ್ತಿದ ಪದರಕ್ಕೆ ರೂಮಿನಲ್ಲಿ ಜಗಳ ಆಗುತ್ತಿತ್ತು. ಜೋಳ ಹುಡುಕಿದ ಹುಡುಗನೇ ಎಲ್ಲರಿಗಿಂತ ಮುಂದೆ.

ಈಗ ದುಂಡು ಟಿನ್ನಿನ ವಿಷಯ. ಮುಚ್ಚಳಕ್ಕೆ ರಿಂಗ್ ಇದೆ, ಎಳೆದರೆ ಎರಡು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ, ಕೈ ಕೊಯ್ಯುವುದು ಕಡಿಮೆ. ಒಪ್ಪುತ್ತೇನೆ. ಆದರೆ ಮಾಂಸ ಹೊರಗೆ ಬರುವುದಿಲ್ಲ! ಗೋಡೆ ಮೇಲಿಂದ ಕೆಳಗೆ ನೆಟ್ಟಗೆ ಇದೆ, ಒಳಗೆ ಕಚ್ಚಿಕೊಂಡಿರುತ್ತದೆ. ಚಮಚ ಹಾಕಿ ಕೆದಕಬೇಕು, ಪುಡಿ ಪುಡಿಯಾಗುತ್ತದೆ. ಚೂರು ಕೊಯ್ಯುವ ಮಾತೇ ಇಲ್ಲ. ಚೌಕದ ಟಿನ್ನಿಗೆ ಒಂದು ಕಡೆ ಅಗಲ ಇಟ್ಟಿದ್ದು ಸುಮ್ನೆ ಅಲ್ಲ. 1875ರಲ್ಲಿ ಚಿಕಾಗೋದಲ್ಲಿ ವಿಲಿಯಂ ವಿಲ್ಸನ್ ಅನ್ನುವವರು ಆ ಆಕಾರಕ್ಕೆ ಪೇಟೆಂಟ್ ತಗೊಂಡರು. ಮಾಂಸ ಇಡಿಯಾಗಿ ಜಾರಿ ಬರಲಿ ಅಂತಲೇ ಹಾಗೆ ಮಾಡಿದ್ದು. ಅಷ್ಟು ತಲೆ ಓಡಿಸಿ ಮಾಡಿದ ಆಕಾರವನ್ನು ಬಿಟ್ಟು, ನಮಗೆ ಕೊಟ್ಟಿದ್ದು ಏನನ್ನು? ಬಟ್ಟಲಿನಲ್ಲಿ ಕಲಸಿದಂಥ ಒಂದು ಮುದ್ದೆ. ನನ್ನ ಆರು ಟಿನ್‌ಗಳಲ್ಲಿ ಕೊಬ್ಬೂ ಜಾಸ್ತಿ ಇತ್ತು, ನೀರೂ ಬಿಡುತ್ತಿತ್ತು. ಬಾಣಲೆಗೆ ಹಾಕಿದರೆ ತಳ ಹತ್ತುವುದೇ ಇಲ್ಲ, ಬೆಂದು ಮೆತ್ತಗಾಗುತ್ತದೆ. ಹುಡುಗರು ತಿಂದರು. ಜಗಳ ಮಾತ್ರ ಆಗಲಿಲ್ಲ.

ಟಿನ್ ಆರಿಸುವಾಗ ಒಂದು ಎಚ್ಚರ. ಊದಿಕೊಂಡದ್ದು, ತಗಡಿನ ಅಂಚು ಕೂಡುವ ಹೊಲಿಗೆಯ ಹತ್ತಿರ ನೆಗ್ಗಿದ್ದು, ತುಕ್ಕು ಹಿಡಿದದ್ದು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ಅರ್ಜೆಂಟೀನಾದ ಒಂದು ಕಾರ್ನ್ಡ್ ಬೀಫ್ ಟಿನ್ನಿನಿಂದ ಟೈಫಾಯ್ಡ್ ಹಬ್ಬಿ 400ಕ್ಕೂ ಜಾಸ್ತಿ ಜನ ಮಲಗಿದರು. ಕಾರ್ಖಾನೆಯಲ್ಲಿ ಬಿಸಿ ಟಿನ್‌ಗಳನ್ನು ಶುದ್ಧ ಮಾಡದ ಹೊಳೆ ನೀರಿನಲ್ಲಿ ತಣ್ಣಗೆ ಮಾಡುತ್ತಿದ್ದರಂತೆ. ಕಣ್ಣಿಗೆ ಕಾಣದ ಸೀಳಿನಿಂದ ಆ ನೀರು ಒಳಗೆ ಹೋಗಿತ್ತು. ನಾನು ಪ್ರತಿ ಟಿನ್ನನ್ನೂ ಕೈಯಲ್ಲಿ ತಿರುಗಿಸಿ, ಬೆರಳಾಡಿಸಿ ನೋಡಿಯೇ ಬುಟ್ಟಿಗೆ ಹಾಕುತ್ತಿದ್ದೆ.

ಉಪ್ಪಿನ ಬಗ್ಗೆಯೂ ಹೇಳಬೇಕು. ಕೊನೆಯ ಮೂರು ವರ್ಷ ನನಗೆ ಬಿಪಿ. ಡಾಕ್ಟರ್ ಹೇಳಿದ ಮೇಲೆ ತಿಂಗಳಿಗೆ ಒಂದೇ ಟಿನ್, ಅದೂ ನಾಲ್ಕು ಜನಕ್ಕೆ. ಬಿಪಿ ಇರುವವರು ಇದನ್ನು ದಿನದ ಊಟ ಮಾಡಿಕೊಳ್ಳಬಾರದು. ನನ್ನ ಪಾಲಿಗೆ ಬರುತ್ತಿದ್ದದ್ದು ಮೂರು ಚೂರು. ಮೂರನ್ನೂ ಅಪ್ಪನ ಹಾಗೆ ನಾಲಿಗೆ ಮೇಲಿಟ್ಟೇ ತಿಂದೆ.

ಊರಿಗೆ ಬಂದ ಮೇಲೆ ಬಿಟ್ಟುಹೋಗಿದೆ. ಬೀಫ್ ಇರುವ ಯಾವ ಪದಾರ್ಥವನ್ನೂ ನಮ್ಮ ದೇಶಕ್ಕೆ ಆಮದು ಮಾಡುವ ಹಾಗಿಲ್ಲ, ಅದಕ್ಕೆ ಸೂಟ್‌ಕೇಸಿನಲ್ಲಿ ಒಂದು ಟಿನ್ನೂ ತರಲಿಲ್ಲ. ಒಂದು ಕೀ ಮಾತ್ರ ತಂದೆ, ಸುರುಳಿ ಬಿಚ್ಚಿ ಬಿಸಾಕಿ, ತೊಳೆದು. ಅಡುಗೆಮನೆ ಬಾಗಿಲ ಮೊಳೆಯಲ್ಲಿ ನೇತುಹಾಕಿದ್ದೇನೆ.

ಹೋದ ತಿಂಗಳು ಅಕ್ಕನ ಮಗ ಶಾರ್ಜಾದಲ್ಲಿ ಕೆಲಸಕ್ಕೆ ಸೇರಿದ. ಅದೇ ಸೂಪರ್ ಮಾರ್ಕೆಟ್‌ಗೆ ಹೋಗಿ ಚೌಕದ ಟಿನ್ ಇನ್ನೂ ಬರುತ್ತಿದೆಯಾ ನೋಡು ಅಂದೆ. ಫೋಟೋ ಕಳಿಸಿದ. ಎದುರಿಗೆಲ್ಲ ದುಂಡನೆಯವೇ. ಕೆಳಗಿನ ಸಾಲಿನ ಮೂಲೆಯಲ್ಲಿ ಚೌಕದ್ದು ಎರಡೇ ಎರಡು, ಮೈಮೇಲೆ ಕೀ ಇದೆ. ಎರಡನ್ನೂ ತಗೊಂಡುಬಿಡು, ರಾತ್ರಿ ಫ್ರಿಜ್‌ನಲ್ಲಿಡು, ಅವಸರ ಮಾಡದೆ ತಿರುಗಿಸು, ಸಣ್ಣ ತುದಿಗೆ ಮೊಳೆಯಲ್ಲಿ ತೂತು ಹೊಡಿ ಅಂತ ಹೇಳಿದೆ. ಶುಕ್ರವಾರ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ ಫೋನ್ ಬಂತು.

"ಮಾವ, ಇಡಿಯಾಗಿ ಬಂತು!"