ಮಿರ್ಚಿ, ಮಂಡಕ್ಕಿ ಮತ್ತು ‘ಫ್ರೈ’ ಎಂಬ ಪದ

ದಾವಣಗೆರೆಯ ಜಯದೇವ ವೃತ್ತದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಸಣ್ಣ ಮಿರ್ಚಿ-ಮಂಡಕ್ಕಿ ಅಂಗಡಿಯಲ್ಲಿ ಕಳೆದ ತಿಂಗಳು ಮೂರು ಸಂಜೆ ತಿಂದಿದ್ದೇನೆ. ಅಲ್ಲಿನ ದರಪಟ್ಟಿಯಲ್ಲಿ ಮಾಮೂಲಿ ಮಿರ್ಚಿಯ ಕೆಳಗೆ ‘ಫ್ರೈ ಮಿರ್ಚಿ’ ಎಂದು ಬೇರೆಯಾಗಿ ಬರೆದಿದ್ದಾರೆ. ಒಮ್ಮೆ ಕರಿದದ್ದನ್ನು ಕತ್ತರಿಸಿ ಮತ್ತೆ ಎಣ್ಣೆಗೆ ಬಿಟ್ಟು ತೆಗೆದದ್ದು ಅದು. ಕರಿಯದ ಮಿರ್ಚಿಯೇ ಇಲ್ಲದಿರುವಾಗ ಒಂದಕ್ಕೆ ಮಾತ್ರ ಈ ಹೆಸರೇಕೆ ಎಂಬ ಪ್ರಶ್ನೆ ನನ್ನನ್ನು ಆ ಪದದ ಬೆನ್ನು ಹತ್ತಿಸಿತು.

‘ಫ್ರೈ’ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನ ಮೂಲಕ. ಅದರ ಹಿಂದಿರುವುದು ಲ್ಯಾಟಿನ್ನಿನ ‘ಫ್ರೀಗೆರೆ’. ಹುರಿಯುವುದು, ಕರಿಯುವುದು ಎರಡೂ ಆ ಒಂದೇ ಕ್ರಿಯಾಪದದಲ್ಲಿ ಅಡಗಿದ್ದವು. ಈ ಕಾರಣದಿಂದಲೇ ಇಂಗ್ಲಿಷಿನಲ್ಲಿ ‘ಡೀಪ್ ಫ್ರೈ’, ‘ಸ್ಟಿರ್ ಫ್ರೈ’ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಕನ್ನಡಕ್ಕೆ ಆ ತೊಂದರೆಯಿಲ್ಲ. ನನಗೆ ಹೆಚ್ಚು ಸಂತೋಷ ಕೊಟ್ಟ ಸಂಗತಿಯೆಂದರೆ, ಆ ಲ್ಯಾಟಿನ್ ಪದವನ್ನೂ ಹುರಿಯುವುದೆಂಬ ಅರ್ಥದ ಸಂಸ್ಕೃತದ ‘ಭೃಜ್ಜ್’ ಧಾತುವನ್ನೂ ಭಾಷಾವಿದ್ವಾಂಸರು ಒಂದೇ ಬೇರಿಗೆ ಸೇರಿಸುತ್ತಾರೆ, ನಮ್ಮ ‘ಬಜ್ಜಿ’ ಹುಟ್ಟಿದ್ದು ಇದೇ ಧಾತುವಿನಿಂದ. ದರಪಟ್ಟಿಯ ‘ಫ್ರೈ’ ಬಾಣಲೆಯಲ್ಲಿರುವ ಬಜ್ಜಿಗೆ ದೂರದ ದಾಯಾದಿಯೇ ಸರಿ.

ಈ ಊರಿನ ತಟ್ಟೆಯಲ್ಲಿ ಎರಡೂ ಕ್ರಿಯೆಗಳು ಪಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಕುಸುಬಲಕ್ಕಿಗೆ ಉಪ್ಪುನೀರು ಹಿಡಿಸಿ, ಭಟ್ಟಿಯ ಕಾದ ಮರಳಿನಲ್ಲಿ ಹುರಿದು ಅರಳಿಸಿದ್ದು ಮಂಡಕ್ಕಿ. ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು ಮಿರ್ಚಿ. ಹುರಿದದ್ದು ಹಗುರ, ಕರಿದದ್ದು ಜಿಡ್ಡು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಅಂಗಡಿಯ ಮಾಮೂಲಿ ಮಿರ್ಚಿ ಬಹಳ ಚೆನ್ನಾಗಿದೆ. ಹಿಟ್ಟಿನ ಹೊದಿಕೆ ತೆಳುವಾಗಿದ್ದು, ಓಂಕಾಳಿನ ವಾಸನೆ ಮೊದಲ ತುತ್ತಿಗೇ ತಿಳಿಯುತ್ತದೆ, ಒಳಗಿನ ಮೆಣಸಿನಕಾಯಿ ಹಸಿಯಾಗಿ ಉಳಿದಿರುವುದಿಲ್ಲ. ‘ಫ್ರೈ ಮಿರ್ಚಿ’ಯನ್ನು ಮಾತ್ರ ನಾನು ಶಿಫಾರಸು ಮಾಡಲಾರೆ, ಎರಡನೆಯ ಬಾರಿ ಕರಿದಾಗ ಹಿಟ್ಟು ಎಣ್ಣೆ ಹೀರಿ ಗಟ್ಟಿಯಾಗುತ್ತದೆ, ಕಾಯಿಯ ಘಮ ಹೋಗಿಬಿಡುತ್ತದೆ. ಖಾರ ಮಂಡಕ್ಕಿಯನ್ನು ಮೊದಲೇ ಕಲಸಿ ಇಡುವ ಅಭ್ಯಾಸವೂ ಅಲ್ಲಿದೆ, ಮೂರನೆಯ ಸಂಜೆ ಅದು ಮೆತ್ತಗಾಗಿತ್ತು. ಕೇಳಿಕೊಂಡರೆ ಬೇಸರಪಡದೆ ಕಣ್ಣೆದುರೇ ಹೊಸದಾಗಿ ಕಲಸಿಕೊಡುತ್ತಾರೆ; ಈರುಳ್ಳಿ ಹೆಚ್ಚಿ ಮುಗಿಯುವವರೆಗೆ ಐದು ನಿಮಿಷ ನಿಲ್ಲಬೇಕು.