ನಿಂತು ನಿಂತು ತಿರುಗುವ ಫ್ಯಾನ್: ಬಯಾಸ್, ಸಾಫ್ಟ್‌ವೇರ್, ಎಣ್ಣೆ, ಹೊಸದು - ಯಾವುದು ವಾಸಿ?

ಸಿಪಿಯು ಫ್ಯಾನ್ (ಕಂಪ್ಯೂಟರಿನ ಪ್ರೊಸೆಸರನ್ನು ತಂಪಾಗಿಡುವ ಫ್ಯಾನ್) ಇದ್ದಕ್ಕಿದ್ದಂತೆ ನಿಲ್ಲುತ್ತಿದ್ದರೆ ಮೊದಲು ಗೊತ್ತಾಗಬೇಕಾದ್ದು ಒಂದೇ: ಅದು ಕೆಟ್ಟು ನಿಂತಿತೋ, ಮದರ್‌ಬೋರ್ಡೇ ನಿಲ್ಲಿಸಿತೋ? ಎರಡಕ್ಕೂ ಮದ್ದು ಬೇರೆ ಬೇರೆ. ನನ್ನ ಕಂಪ್ಯೂಟರಿನಲ್ಲಿ ನಾಲ್ಕು ದಾರಿಗಳನ್ನೂ ನೋಡಿದ್ದೇನೆ. (ನಿಂತಿರುವುದು ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಆದರೆ ಗಾಬರಿ ಬೇಡ. ಬಿಸಿ ಕಡಿಮೆ ಇದ್ದಾಗ ಸುಮ್ನೆ ನಿಂತಿರುವಂತೆಯೇ ಈಗಿನ ಎಷ್ಟೋ ಕಾರ್ಡುಗಳನ್ನು ಮಾಡಿರುತ್ತಾರೆ.)

ಬಯಾಸಿನಿಂದಲೇ (ವಿಂಡೋಸ್ ತೆರೆಯುವ ಮೊದಲೇ ಸಿಗುವ ಮದರ್‌ಬೋರ್ಡಿನ ಸೆಟ್ಟಿಂಗು) ಶುರು ಮಾಡಿ, ಖರ್ಚಿಲ್ಲ. ನನ್ನದು ನಾಲ್ಕು ಪಿನ್ನಿನ ಫ್ಯಾನ್, ಆದರೆ ಹೆಡರ್ (ಬೋರ್ಡಿನಲ್ಲಿ ಫ್ಯಾನಿನ ತಂತಿ ಸಿಕ್ಕಿಸುವ ಜಾಗ) ಡಿಸಿ ಮೋಡಿನಲ್ಲಿತ್ತು. ಡಿಸಿ ಮೋಡಿನಲ್ಲಿ ಬೋರ್ಡು 12 ವೋಲ್ಟನ್ನೇ ಇಳಿಸಿ ವೇಗ ತಗ್ಗಿಸುತ್ತದೆ. ಪಿಡಬ್ಲ್ಯೂಎಂ ಮೋಡಿನಲ್ಲಿ 12 ವೋಲ್ಟ್ ಹಾಗೇ ಇರುತ್ತದೆ, ವೇಗ ಎಷ್ಟಿರಬೇಕು ಅನ್ನೋದು ನಾಲ್ಕನೇ ತಂತಿಯಲ್ಲಿ ಹೋಗುತ್ತದೆ. ವೋಲ್ಟ್ ತೀರಾ ಇಳಿದರೆ ಮೋಟರು ನಿಲ್ಲುತ್ತದೆ. ತಮಾಷೆ ಏನೆಂದರೆ, ತಿರುಗುತ್ತಲೇ ಇರಲು ಸಾಕಾಗುವ ವೋಲ್ಟು, ನಿಂತದ್ದು ಮತ್ತೆ ಹೊರಡಲು ಸಾಲುವುದಿಲ್ಲ. ಅದಕ್ಕೇ ಒಮ್ಮೆ ನಿಂತರೆ ನಿಂತೇಬಿಡುತ್ತದೆ, ಬೆರಳಲ್ಲಿ ರೆಕ್ಕೆಯನ್ನು ಸ್ವಲ್ಪ ತಳ್ಳಿದರೆ ಓಡುತ್ತದೆ. ಮೋಡು ಬದಲಿಸಿ, ಕನಿಷ್ಠ ವೇಗವನ್ನು 20 ಶೇಕಡದಿಂದ 35ಕ್ಕೆ ಏರಿಸಿದೆ. ನಿಲ್ಲುವುದು ಬಹಳ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ: ರಾತ್ರಿಯೆಲ್ಲ ಆಫ್ ಇದ್ದು ಬೆಳಿಗ್ಗೆ ಆನ್ ಮಾಡಿದರೆ ಕೆಲವೊಮ್ಮೆ 'ಸಿಪಿಯು ಫ್ಯಾನ್ ಎರರ್' ಬರುತ್ತಿತ್ತು. ಆ ಎಚ್ಚರಿಕೆಯನ್ನೇ ಆಫ್ ಮಾಡಿ ಅನ್ನುವವರಿದ್ದಾರೆ. ನಾನಂತೂ ಮಾಡಲ್ಲ.

ವಿಂಡೋಸಿನಲ್ಲಿ ಓಡುವ ಫ್ಯಾನ್ ಸಾಫ್ಟ್‌ವೇರಿಗೆ ನನ್ನ ಅಂಕ ಕಡಿಮೆ. ವಿಂಡೋಸ್ ತೆರೆಯುವ ತನಕ ಅದು ಕೆಲಸಕ್ಕೇ ಬರುವುದಿಲ್ಲ. ಸ್ಲೀಪಿನಿಂದ ಎದ್ದ ಮೇಲೆ ನನ್ನಲ್ಲಿ ಹಲವು ಸಲ ಹಿಡಿತ ಬಿಟ್ಟುಬಿಟ್ಟಿತು. ನೋಡುವುದಕ್ಕೆ ಮಾತ್ರ ಇಂಥ ತಂತ್ರಾಂಶ ಬೇಕು. ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಸೊನ್ನೆ ತೋರಿಸುತ್ತಾ ಫ್ಯಾನ್ ಕಣ್ಣೆದುರೇ ತಿರುಗುತ್ತಿದ್ದರೆ, ತೊಂದರೆ ವೇಗ ತಿಳಿಸುವ ಮೂರನೇ ಪಿನ್ನಿನ ಕಡೆಗಿದೆ, ಮೋಟರಿನದ್ದಲ್ಲ. ಅದೇ ಫ್ಯಾನನ್ನು ಬೇರೆ ಹೆಡರಿಗೆ ಹಾಕಿ ನೋಡಿದರೆ ಬೋರ್ಡೋ ಫ್ಯಾನೋ ಅನ್ನೋದು ತಿಳಿಯುತ್ತದೆ.

ಎಣ್ಣೆ ಹಾಕಿದ್ದು ಮಜಾ ಇತ್ತು. ಮೊದಲು ಧೂಳು ತೆಗೆದೆ. ಗಾಳಿ ಊದುವಾಗ ರೆಕ್ಕೆ ಹಿಡಿದುಕೊಳ್ಳಿ, ಇಲ್ಲವಾದರೆ ಅತಿ ವೇಗಕ್ಕೆ ಬೇರಿಂಗ್ ಹಾಳು. ನಡುವಿನ ಸ್ಟಿಕರ್ ಎಬ್ಬಿಸಿದರೆ ಒಳಗೆ ಪುಟ್ಟ ರಬ್ಬರ್ ಬಿರಡೆ, ಅದರಡಿ ಶಾಫ್ಟಿನ ತುದಿ. ಹಳೆಯ ಎಣ್ಣೆ ಕಂದು ಬಣ್ಣದ ಅಂಟಾಗಿತ್ತು. ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟೆ. ಸುತ್ತ ಜಿಡ್ಡು ಉಳಿದರೆ ಸ್ಟಿಕರ್ ಮತ್ತೆ ಕೂರುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಮಾತ್ರ ಬೇಡ, ಅದು ಬೇಗ ಆರಿಹೋಗುತ್ತದೆ. ಫ್ಯಾನ್ ಸದ್ದಿಲ್ಲದೆ ಓಡಿತು, ಬೆಳಗಿನ ಎರರ್ ಕೂಡ ಹೋಯಿತು. ಆದರೆ ಕೆಲ ತಿಂಗಳಲ್ಲಿ ಅದೇ ಗರಗರ ಮತ್ತೆ ಶುರು. ಸವೆದ ಸ್ಲೀವ್ ಬೇರಿಂಗನ್ನು (ಶಾಫ್ಟು ಒಳಗೆ ತಿರುಗುವ ಕೊಳವೆ) ಎಣ್ಣೆ ತುಂಬಿಕೊಡುವುದಿಲ್ಲ. ಎಷ್ಟೋ ಫ್ಯಾನುಗಳಲ್ಲಿ ಈ ಬಿರಡೆಯೇ ಇರುವುದಿಲ್ಲ, ಪೂರ್ತಿ ಮುಚ್ಚಿರುತ್ತಾರೆ.

ಹಾಗಾಗಿ ಬೇರಿಂಗಿನ ತೊಂದರೆಯಾದರೆ ನನ್ನ ಓಟು ಹೊಸ ಫ್ಯಾನಿಗೇ. ಎಣ್ಣೆ ಅದು ಬರುವ ತನಕ ಕಾಲ ತಳ್ಳಲು. ಬೆರಳಲ್ಲಿ ತಿರುಗಿಸಿದಾಗ ಹಗುರವಾಗಿ ತಿರುಗಿ, ನಿಧಾನ ವೇಗದಲ್ಲಿ ಮಾತ್ರ ನಿಲ್ಲುತ್ತಿದ್ದರೆ ದುಡ್ಡು ಹಾಕಬೇಡಿ, ಬಯಾಸೇ ಸಾಕು. ಕೊಳ್ಳುವಾಗ ಅಗಲದ ಜೊತೆ ದಪ್ಪವನ್ನೂ ನೋಡಿ: 120 ಮಿಲಿಮೀಟರಿನ ಸಾಮಾನ್ಯ ಫ್ಯಾನ್ 25 ಮಿಲಿಮೀಟರ್ ದಪ್ಪ, ಸ್ಕ್ರೂ ತೂತುಗಳ ನಡುವೆ 105. ಗಾಳಿ ಯಾವ ಕಡೆ ಹೋಗುತ್ತದೆ ಅನ್ನುವ ಬಾಣ ಚೌಕಟ್ಟಿನ ಮೇಲೆ ಇಲ್ಲದಿದ್ದರೆ, ಮೋಟರು ಹಿಡಿದ ಕಡ್ಡಿಗಳಿರುವ ಬದಿಯೇ ಗಾಳಿ ಹೊರಬರುವ ಬದಿ.