ಹಳೆಯ ಯುಂಗ್‌ಹಾನ್ಸ್ ಜೆ88, ಅದರ ಮರಿ, ಪಕ್ಕದೂರಿನ ಹಾನ್‌ಹಾರ್ಟ್: ಮೂರನ್ನೂ ಕಟ್ಟಿ ನೋಡಿದೆ

ನಾನು ಮೂರು ವರ್ಷದಿಂದ ಕಟ್ಟುತ್ತಿರುವ ವಾಚು ಈಗ ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗುವುದಿಲ್ಲ. ಯುಂಗ್‌ಹಾನ್ಸ್ ಕಂಪನಿ 1950ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಸೈನ್ಯಕ್ಕೆ ಮಾಡಿಕೊಟ್ಟ ಪೈಲಟ್ ಕ್ರೋನೋಗ್ರಾಫ್ ಅದು. ಗಡಿಯಾರವೂ ಹೌದು, ಸ್ಟಾಪ್‌ವಾಚೂ ಹೌದು. ಒಳಗಿನ ಯಂತ್ರದ ಹೆಸರು ಜೆ88. ಬೇರೆಯವರಿಂದ ತಂದು ಕೂರಿಸಿದ್ದಲ್ಲ, ಅವರೇ ಮಾಡಿದ್ದು.

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿನ ಕನ್ನಡದ ಗೆಳೆಯರಲ್ಲಿ ಇಬ್ಬರಿಗೆ ನನ್ನಿಂದಲೇ ಈ ಹುಚ್ಚು ಹತ್ತಿದೆ. ಒಬ್ಬ ಹೊಸ ಯುಂಗ್‌ಹಾನ್ಸ್ ಮೈಸ್ಟರ್ ಪೈಲಟ್ ಕೊಂಡ. ಇನ್ನೊಬ್ಬ ಹಾನ್‌ಹಾರ್ಟ್ 417 ಇಎಸ್ ಕೊಂಡ. ಕೊಂಡಾಗ ಮೂರೂ ಹೆಚ್ಚುಕಡಿಮೆ ಎರಡು ಸಾವಿರ ಯೂರೋ ಆಸುಪಾಸಿನವು. ಯಾರು ಜಾಣರು ಅನ್ನುವ ಜಗಳ ಮುಗಿಯಲೇ ಇಲ್ಲ. ಕೊನೆಗೆ ಅವರ ವಾಚುಗಳನ್ನು ಎರಡೆರಡು ವಾರಕ್ಕೆ ಇಸಿದುಕೊಂಡು ಬಂದೆ.

ಮೊದಲು ಇವುಗಳ ನಂಟು ಹೇಳಿಬಿಡುತ್ತೇನೆ. ಯುಂಗ್‌ಹಾನ್ಸ್ ಇರುವ ಶ್ರಾಂಬೆರ್ಗ್, ಹಾನ್‌ಹಾರ್ಟ್ ಇರುವ ಗ್ಯೂಟೆನ್‌ಬಾಖ್ ಎರಡೂ ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಳ ನಡುವಿನ ಊರುಗಳು. ಜರ್ಮನಿ 1955ರಲ್ಲಿ ಮತ್ತೆ ಸೈನ್ಯ ಕಟ್ಟಿದಾಗ ಪೈಲಟ್‌ಗಳಿಗೆ ವಾಚು ಬೇಕಾಯಿತು, ಎರಡೂ ಕಂಪನಿಗಳು ಮಾಡಿಕೊಟ್ಟವು. ಮೈಸ್ಟರ್ ಪೈಲಟ್ ಆ ಹಳೆಯ ಯುಂಗ್‌ಹಾನ್ಸ್‌ನ ನೆನಪಿಗೆ 2016ರಲ್ಲಿ ಬಂದದ್ದು. 417 ಇಎಸ್ ಕೂಡ ಹಳೆಯ ಹಾನ್‌ಹಾರ್ಟ್ 417ರ ಮರುಹುಟ್ಟು. ನಟ ಸ್ಟೀವ್ ಮೆಕ್ವೀನ್ ಕಟ್ಟುತ್ತಿದ್ದದ್ದು ಆ ಹಳೆಯ 417. ನನ್ನ ಗೆಳೆಯ ಇದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಾನೆ, ಅದಕ್ಕೇ ಇಲ್ಲಿ ಬರೆದುಬಿಟ್ಟೆ.

ಟೈಮು ಸರಿಯಾಗಿ ತೋರಿಸುವುದರಲ್ಲಿ ಹಳೆಯದು ಸೋತಿತು. ದಿನಾ ಬೆಳಗ್ಗೆ ಏಳಕ್ಕೆ ಫೋನಿನ ಜೊತೆ ಇಟ್ಟು ನೋಡಿದೆ. ಹೊಸವು ಎರಡೂ ದಿನಕ್ಕೆ ನಾಲ್ಕೈದು ಸೆಕೆಂಡು ಮುಂದೆ ಹೋದವು. ನನ್ನದು ಇಪ್ಪತ್ತು. ಚಳಿ ಜಾಸ್ತಿಯಿದ್ದ ದಿನ ಇಪ್ಪತ್ತೈದು. ಅಜ್ಜನ ವಯಸ್ಸಿನ ಯಂತ್ರ, ಬಿಡಿ.

ಆದರೆ ಸ್ಟಾಪ್‌ವಾಚಿನ ಬಟನ್ ಒತ್ತಿದಾಗ ಕಥೆ ತಿರುಗಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೆ88ರ ಒಳಗೆ ಕಾಲಮ್ ವೀಲ್ ಅಂತ ಒಂದು ಪುಟ್ಟ ಚಕ್ರವಿದೆ. ಕೋಟೆಯ ತೆನೆಗಳ ಹಾಗೆ ಅದರ ಮೇಲೆ ಸಣ್ಣ ಕಂಬಗಳು ನಿಂತಿರುತ್ತವೆ. ಬಟನ್ ಒತ್ತಿದರೆ ಚಕ್ರ ಒಂದು ಹೆಜ್ಜೆ ತಿರುಗುತ್ತದೆ. ಅದಕ್ಕೆ ಒರಗಿದ ಪುಟ್ಟ ಸನ್ನೆಕೋಲುಗಳ (ಲಿವರ್) ಮೂತಿ ಕಂಬದ ಮೇಲಿಂದ ಸಂದಿಗೆ ಬೀಳುತ್ತದೆ, ಇಲ್ಲವೇ ಸಂದಿಯಿಂದ ಕಂಬಕ್ಕೆ ಏರುತ್ತದೆ. ಶುರು ಮಾಡುವುದು, ನಿಲ್ಲಿಸುವುದು ಎಲ್ಲ ಈ ಒಂದು ಚಕ್ರದ ಮಾತಿನಂತೆ ನಡೆಯುತ್ತದೆ. ಇದನ್ನು ಕೊರೆದು ಉಜ್ಜಿ ಸರಿ ಮಾಡಲು ಕೆಲಸ ಜಾಸ್ತಿ, ಖರ್ಚೂ ಜಾಸ್ತಿ. ಹಾನ್‌ಹಾರ್ಟ್ ಒಳಗಿರುವುದು ಸ್ವಿಟ್ಜರ್ಲೆಂಡಿನ ಸೆಲಿಟಾ ಎಸ್‌ಡಬ್ಲ್ಯೂ510, ಕೀ ಕೊಡುವ ಮಾದರಿ. ಅದರಲ್ಲಿ ಕಾಲಮ್ ವೀಲ್ ಇಲ್ಲ, ಒಂದರ ಮೇಲೊಂದು ಜಾರುವ ತಗಡಿನಂಥ ಕ್ಯಾಮ್ ಇದೆ. ಅಗ್ಗ, ಗಟ್ಟಿ, ಸುಲಭದಲ್ಲಿ ಕೆಡುವುದಿಲ್ಲ.

ಬೆರಳಿಗೆ ಏನು ಗೊತ್ತಾಗುತ್ತದೆ ಅಂತೀರಾ? ಹಾನ್‌ಹಾರ್ಟ್‌ನಲ್ಲಿ ಶುರು ಮಾಡುವ ಬಟನ್ ಬಿಗಿ. ಒತ್ತಿ, ಒತ್ತಿ, ಆಮೇಲೆ ಟಕ್ ಅಂತ ಸದ್ದು. ಮೈಸ್ಟರ್ ಪೈಲಟ್‌ನದು ಸ್ವಲ್ಪ ಮೆತ್ತಗೆ, ಆದರೆ ಯಾವಾಗ ಹಿಡಿಯಿತು ಅನ್ನುವುದು ಬೆರಳಿಗೆ ಸ್ಪಷ್ಟವಾಗುವುದಿಲ್ಲ. ಜೆ88ರಲ್ಲಿ ಬಟನ್ ಬೆಣ್ಣೆಯ ಹಾಗೆ ಒಳಗೆ ಹೋಗುತ್ತದೆ, ಹೋದ ಕಡೆ ಸಣ್ಣಗೆ ಕ್ಲಿಕ್ ಅನ್ನುತ್ತದೆ. ಶುರು ಮಾಡುವುದಕ್ಕೂ ನಿಲ್ಲಿಸುವುದಕ್ಕೂ ಒಂದೇ ಒತ್ತಡ ಸಾಕು. ಕಣ್ಣು ಮುಚ್ಚಿಸಿ ಹೆಂಡತಿಯ ಕೈಗೆ ಮೂರನ್ನೂ ಕೊಟ್ಟೆ. ವಾಚಿನ ವಿಷಯದಲ್ಲಿ ಅವಳಿಗೆ ಎಳ್ಳಷ್ಟೂ ಆಸಕ್ತಿ ಇಲ್ಲ. ಆದರೂ ಎರಡು ಸಲ ಕೊಟ್ಟಾಗಲೂ ಜೆ88 ಅನ್ನೇ ಹಿಡಿದು "ಇದು ಚೆನ್ನಾಗಿದೆ" ಅಂದಳು.

ಒಂದು ಕುಂದೂ ಇದೆ. ಜೆ88ರಲ್ಲಿ ಬಟನ್ ಒತ್ತಿದಾಗ ಸೆಕೆಂಡಿನ ಮುಳ್ಳು ಒಮ್ಮೊಮ್ಮೆ ಚೂರು ಹಾರಿ ಶುರುವಾಗುತ್ತದೆ. ಒಂದು ಹಲ್ಲುಚಕ್ರ ಪಕ್ಕದಿಂದ ಬಂದು ಇನ್ನೊಂದಕ್ಕೆ ಸೇರಿಕೊಳ್ಳುವ ಹಳೆಯ ವ್ಯವಸ್ಥೆ ಅದು. ಹಲ್ಲಿಗೆ ಹಲ್ಲು ತಾಗಿದರೆ ಮುಳ್ಳು ಜಿಗಿಯುತ್ತದೆ. ನನಗಂತೂ ಅದೂ ಇಷ್ಟವೇ.

ಶಬ್ದದ ಬಗ್ಗೆಯೂ ಒಂದು ಮಾತು. ಹೊಸ ಯಂತ್ರಗಳು ಸೆಕೆಂಡಿಗೆ ಎಂಟು ಸಲ ಬಡಿಯುತ್ತವೆ, ಜೆ88 ಐದೇ ಸಲ. ರಾತ್ರಿ ತಲೆದಿಂಬಿನ ಪಕ್ಕ ಇಟ್ಟರೆ ಹೊಸದು ಸರ್ರ್ ಅಂತ ಓಡುತ್ತದೆ. ಹಳೆಯದು ಟಿಕ್ ಟಿಕ್ ಅನ್ನುತ್ತದೆ, ಅಪ್ಪನ ಎಚ್‌ಎಂಟಿ ಪೈಲಟ್ ಹಾಗೆ.

ಅವರೇ ಮಾಡಿದ ಯಂತ್ರ ಅನ್ನುವುದಕ್ಕೆ ಏನು ಬೆಲೆ ಅಂತ ನನಗೆ ಸರಿಯಾಗಿ ಗೊತ್ತಾದದ್ದು ಶ್ರಾಂಬೆರ್ಗ್‌ಗೆ ಹೋದಾಗ. ಅಲ್ಲಿ ಯುಂಗ್‌ಹಾನ್ಸ್‌ನ ಹಳೆಯ ಕಾರ್ಖಾನೆ ಗುಡ್ಡದ ಇಳಿಜಾರಿಗೆ ಒರಗಿಕೊಂಡಿದೆ. 1918ರ ಕಟ್ಟಡ, ಒಂಬತ್ತು ಮೆಟ್ಟಿಲಿನ ಹಾಗೆ ಮೇಲೇರುತ್ತದೆ. ಒಂದೊಂದು ಅಂತಸ್ತೂ ಹಿಂದಕ್ಕೆ ಸರಿದು ನಿಂತಿರುವುದರಿಂದ ಕೆಲಸದ ಮೇಜುಗಳ ಮೇಲೆ ನೇರ ಹಗಲು ಬೆಳಕು ಬೀಳುತ್ತದೆ. ಸಣ್ಣ ಸ್ಕ್ರೂ ಹಿಡಿಯುವ ಕಣ್ಣಿಗೆ ಬೆಳಕು ಬೇಕಲ್ವಾ, ಅದಕ್ಕೇ ಹೀಗೆ ಕಟ್ಟಿಸಿದ್ದಾರೆ. 2018ರಿಂದ ಅದು ಮ್ಯೂಸಿಯಂ. 1861ರಲ್ಲಿ ಶುರುವಾದ ಈ ಕಂಪನಿ 1903ರ ಹೊತ್ತಿಗೆ ಪ್ರಪಂಚದಲ್ಲೇ ದೊಡ್ಡ ಗಡಿಯಾರ ಕಂಪನಿಯಾಗಿತ್ತು, ಮೂರು ಸಾವಿರ ಜನ ದುಡಿಯುತ್ತಿದ್ದರು. ಆಮೇಲೆ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚು ಬಂತು, ಮೆಕ್ಯಾನಿಕಲ್ ಯಂತ್ರ ಮಾಡುವ ಕೆಲಸ ನಿಂತಿತು. ಇವತ್ತಿನ ಮೈಸ್ಟರ್ ಪೈಲಟ್ ಒಳಗಿನ, ಕೈ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ಯಂತ್ರಕ್ಕೆ ಜೆ880 ಅಂತ ಮನೆತನದ ಹೆಸರಿದ್ದರೂ ಬುಡ ಸ್ವಿಸ್.

ಇನ್ನು ದಿನನಿತ್ಯದ ಬಳಕೆ. ಇಲ್ಲಿ ಹಳೆಯದರ ಪರವಾಗಿ ವಾದ ಮಾಡಲು ನನ್ನ ಹತ್ತಿರ ಏನೂ ಇಲ್ಲ. ಕೇಸ್ ಹಿತ್ತಾಳೆಯದು, ಮೇಲೆ ಕ್ರೋಮ್. ಎರಡು ಬೇಸಿಗೆ ರಜೆಗೆ ಬೆಂಗಳೂರಿಗೆ ಕಟ್ಟಿಕೊಂಡು ಹೋದೆ, ಬೆವರಿಗೆ ಬೆಲ್ಟಿನ ಹತ್ತಿರ ಕ್ರೋಮ್ ಎದ್ದು ಹಿತ್ತಾಳೆ ಕಾಣಿಸಿತು. ಒಂದು ಸಲ ಮಳೆಯಲ್ಲಿ ಐದು ನಿಮಿಷ ನಡೆದದ್ದಕ್ಕೆ ಗಾಜಿನ ಒಳಗೆ ಮಂಜು ಕಟ್ಟಿತ್ತು. ಹೊಸವು ಎರಡೂ ಸ್ಟೀಲು, 100 ಮೀಟರ್ ನೀರು ತಡೆಯುವಂಥವು. ಪಾತ್ರೆ ತೊಳೆಯುವಾಗಲೂ ಬಿಚ್ಚಲಿಲ್ಲ.

ಕೈ ಮೇಲೆ ಕೂರುವುದರಲ್ಲಿ ಮಾತ್ರ ಮೈಸ್ಟರ್ ಪೈಲಟ್‌ಗೆ ನನ್ನ ಒಪ್ಪಿಗೆ ಇಲ್ಲ. 43 ಮಿಲಿಮೀಟರ್ ಅಗಲ, 14 ಮಿಲಿಮೀಟರ್ ದಪ್ಪ. ನನ್ನ ಸಣಕಲು ಕೈ ಮೇಲೆ ಒಬ್ಬಟ್ಟು ಇಟ್ಟ ಹಾಗೆ. ಅಂಗಿಯ ತೋಳು ಅದರ ಮೇಲೆ ಇಳಿಯುವುದಿಲ್ಲ. ಹಳೆಯದರ ಸುತ್ತ ಇರುವ ತಿರುಗುವ ಉಂಗುರವನ್ನು ಗ್ಲೌಸ್ ಹಾಕಿದ ಬೆರಳಿಗೂ ಹಿಡಿತ ಸಿಗಲಿ ಅಂತ ಹನ್ನೆರಡು ಕಡೆ ತಗ್ಗು ಮಾಡಿದ್ದಾರೆ. ಹೊಸದೂ ಅದನ್ನೇ ಉಳಿಸಿಕೊಂಡಿದೆ. ಸುಮಾರು 38 ಮಿಲಿಮೀಟರಿನ ಹಳೆಯದರ ಮೇಲೆ ಅದು ಹೂವಿನ ಹಾಗಿದೆ, ದೊಡ್ಡದರ ಮೇಲೆ ನಲ್ಲಿಯ ತಿರುಪಿನ ಹಾಗೆ. ಹಾನ್‌ಹಾರ್ಟ್‌ನ 39 ಮಿಲಿಮೀಟರ್ ಮಾದರಿ ಮಾತ್ರ ಹೇಳಿ ಮಾಡಿಸಿದ ಹಾಗೆ ಕೂತಿತು. ವಾಪಸು ಕೊಡುವಾಗ ಹೊಟ್ಟೆ ಉರಿಯಿತು.

ರಿಪೇರಿಯ ಕಥೆ ಹೇಳದಿದ್ದರೆ ಮೋಸವಾಗುತ್ತದೆ. ನಾನು ಕೊಂಡ ಮೊದಲ ವರ್ಷವೇ ಜೆ88ರ ಸ್ಟಾಪ್‌ವಾಚಿನಲ್ಲಿ ನಿಮಿಷ ಎಣಿಸುವ ಸಣ್ಣ ಮುಳ್ಳು ಜಿಗಿಯುವುದನ್ನು ನಿಲ್ಲಿಸಿತು. ಸೆಕೆಂಡಿನ ಮುಳ್ಳು ಸುತ್ತುತ್ತದೆ, ನಿಮಿಷ ಸೊನ್ನೆಯಲ್ಲೇ. ಮಾರಿದವರು "ನಮ್ಮ ಕೈಲಿದ್ದಾಗ ಸರಿಯಿತ್ತು" ಅಂದು ಕೈತೊಳೆದುಕೊಂಡರು. ಬಿಡಿಭಾಗ ಹೊಸದಾಗಿ ಸಿಗುವುದಿಲ್ಲ, ಇನ್ನೊಂದು ಸತ್ತ ಜೆ88ರಿಂದಲೇ ಬಿಚ್ಚಬೇಕು. ಐದು ತಿಂಗಳು ಕಾದೆ. ಸೆಲಿಟಾ ಯಂತ್ರ ಕೆಟ್ಟರೆ ಕೆಲಸ ಬಲ್ಲವರಿಗೆ ಬಿಡಿಭಾಗ ಹುಡುಕುವ ಪಾಡಿಲ್ಲ.

ಇದೇ ಕಾರಣಕ್ಕೆ ಅಪ್ಪನ ಎಚ್‌ಎಂಟಿ ಪೈಲಟ್ ಮತ್ತೆ ನೆನಪಾಗುತ್ತದೆ. ಅದೂ ಈಗ ತಯಾರಾಗುವುದಿಲ್ಲ. ಅದೂ ಕಪ್ಪು ಡಯಲ್, ಕೀ ಕೊಡುವ ವಾಚು, 17 ಜ್ಯೂವೆಲ್ (ಚಕ್ರಗಳು ಸವೆಯದಂತೆ ಕೂರಿಸುವ ಪುಟ್ಟ ಹರಳುಗಳು). ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಕಾರ್ಖಾನೆಯ ಕೂಸು. ಸ್ಟಾಪ್‌ವಾಚ್ ಇಲ್ಲ, ಹಾಗಾಗಿ ಈ ಪಂದ್ಯಕ್ಕೆ ಸೇರಿಸಲಿಲ್ಲ. ಆದರೆ ಅದರ ಸ್ಪ್ರಿಂಗ್ ತುಂಡಾದಾಗ ಚಿಕ್ಕಪೇಟೆಯ ಒಬ್ಬರು ಡಬ್ಬಿ ತಡಕಿ ಸಂಜೆಯೊಳಗೆ ಹಾಕಿಕೊಟ್ಟರು. ಎಂಟಿಗೆ ಬಾ ಅಂದವರು ಏಳೂವರೆಗೇ ಮುಗಿಸಿದ್ದರು.

ಒಂದೇ ವಾಚು ಕೊಳ್ಳುವವರಾದರೆ ಹಾನ್‌ಹಾರ್ಟ್ 39 ತಗೊಳ್ಳಿ. ಬೆಳಗ್ಗೆ ಕೀ ಕೊಡುವ ಸುಖವೂ ಸಿಗುತ್ತದೆ, ಮಳೆಗೂ ಹೆದರಬೇಕಿಲ್ಲ. ಕೈ ದಪ್ಪಗಿದ್ದು, ಕೀ ಕೊಡಲು ಬೇಜಾರಾದರೆ ಮೈಸ್ಟರ್ ಪೈಲಟ್. ಜೆ88 ಕೊಳ್ಳುವುದಾದರೆ ಮೊದಲು ರಿಪೇರಿಯವರನ್ನು ಹುಡುಕಿ, ಆಮೇಲೆ ವಾಚು ಹುಡುಕಿ. ಕೈಗೆ ಬಂದ ತಕ್ಷಣ ಸ್ಟಾಪ್‌ವಾಚನ್ನು ಪೂರ್ತಿ 30 ನಿಮಿಷ ಓಡಿಸಿ ನೋಡಿ, ಸುಮ್ನೆ ಎರಡು ನಿಮಿಷಕ್ಕೆ ನಿಲ್ಲಿಸಬೇಡಿ. ನಾನು ಎರಡಕ್ಕೇ ನಿಲ್ಲಿಸಿದ್ದೆ.

ನನ್ನದನ್ನು ಮಾರುತ್ತೀಯಾ ಅಂತ ಹಾನ್‌ಹಾರ್ಟ್ ಗೆಳೆಯ ಕಳೆದ ವಾರ ಕೇಳಿದ. ಬೆಲೆ ಹೇಳುವ ಮೊದಲು ಅವನ ಕೈಗೆ ಕೊಟ್ಟು, ಬಟನ್ ಒತ್ತಿ ನೋಡು ಅಂದೆ. ಹತ್ತು ನಿಮಿಷ ಒತ್ತುತ್ತಲೇ ಕೂತಿದ್ದ. ಆಮೇಲೆ ನಾನೇ ಕಿತ್ತುಕೊಂಡೆ.